ತಾನಾಗಿಯೇ ಬಿದ್ದ ನಂಬರುಗಳು

ಎಂಬತ್ತರ ದಶಕದ ಕೊನೆಗೆ ತುಮಕೂರಿನ ನಮ್ಮ ವಕೀಲರ ಆಫೀಸಿಗೆ ಕಂಪ್ಯೂಟರ್ ಬಂದಾಗ, ಅದರ ಜೊತೆ ಬಂದ ದಪ್ಪ ಪುಸ್ತಕವನ್ನು ಪೂರ್ತಿ ಓದಿದವನು ನಾನೊಬ್ಬನೇ. ಅರ್ಥವಾಯಿತೇ ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ!

ನಾನು ಜೂನಿಯರ್ ವಕೀಲ. ಸೀನಿಯರ್ ಎಂದರೆ ನಡುಕ. ಅವರು ಕೂಗಾಡುವವರಲ್ಲ, ಕನ್ನಡಕ ತೆಗೆದು ಸುಮ್ಮನೆ ನೋಡುವವರು. ಆ ನೋಟಕ್ಕೇ ನನಗಿಂತ ಮೊದಲಿದ್ದವನು ವಕೀಲಿ ಬಿಟ್ಟು ಸೈಕಲ್ ಅಂಗಡಿ ಇಟ್ಟಿದ್ದ.

ಗುಬ್ಬಿಯ ಬಾಷಾ ಸಾಬರ ಮೇಲೆ ಪಕ್ಕದ ಮನೆಯವರು ದಾವೆ ಹಾಕಿದ್ದರು. ಬಾಷಾ ಸಾಬರದು ಸಾಮಿಲ್ಲು. ಮರದ ದಿಮ್ಮಿಯನ್ನು ಒಬ್ಬರೇ ಎತ್ತುವ ತೋಳು. ದಾವೆಯ ಪ್ರತಿ ಪ್ಯಾರಾಕ್ಕೂ ಅದೇ ನಂಬರಿನಲ್ಲಿ ‘ಸತ್ಯ’ ಅಥವಾ ‘ಸುಳ್ಳು’ ಎಂದು ಉತ್ತರ ಬರೆದುಕೊಡುವುದು ನಮ್ಮ ಕೆಲಸ.

“ನಂಬರ್ ನಾವು ಹೊಡೆಯೋದೇ ಬೇಡ ಸಾರ್. ತಾನಾಗೇ ಬೀಳೋ ಹಾಗೆ ಮಾಡ್ತೀನಿ” ಎಂದೆ.

ಕನ್ನಡಕ ಕೆಳಗಿಳಿಯಿತು. “ನಂಬರ್ ತಪ್ಪಿದ್ರೆ ಕೇಸೇ ತಪ್ಪುತ್ತೆ ಕಣಯ್ಯಾ.”

ಆದರೂ ಕಂಪ್ಯೂಟರಿನ ಮುಂದೆ ಕೂತೆ. ಮೊದಲ ಪ್ರಯತ್ನದಲ್ಲಿ ಎಲ್ಲ ಪ್ಯಾರಾಗಳೂ ಒಂದನೆಯವೇ ಆದವು. ಎರಡನೆಯದರಲ್ಲಿ ತಲೆಬರಹದಲ್ಲಿದ್ದ ‘ಮಾನ್ಯ ನ್ಯಾಯಾಲಯ’ಕ್ಕೇ ಒಂದು ನಂಬರು ಬಿತ್ತು! ಕೊನೆಗೆ ಹೇಗೋ ಸರಿಹೋಯಿತು. ಹೇಗೆಂದು ಇವತ್ತಿಗೂ ಗೊತ್ತಿಲ್ಲ.

ಅಷ್ಟರಲ್ಲಿ ಸೀನಿಯರ್ ಬಂದು, “ಶುರುನಲ್ಲೇ ‘ಈ ದಾವೆ ನಡೆಯೋದಿಲ್ಲ’ ಅಂತ ಒಂದು ಪ್ಯಾರಾ ಸೇರಿಸು” ಎಂದರು. ಸೇರಿಸಿದೆ. ಕೆಳಗಿನ ನಂಬರುಗಳೆಲ್ಲ ಒಂದೊಂದು ಹೆಜ್ಜೆ ಸರಿದು ನಿಂತವು.

“ನೋಡಿ ಸಾರ್, ತಾವೇ ಸರ್ಕೊಂಡ್ವು!”

ಸೀನಿಯರ್ ಮೊದಲ ಬಾರಿಗೆ ನಕ್ಕರು. ಉತ್ತರವಿದ್ದದ್ದು ಇಂಗ್ಲಿಷಿನಲ್ಲಿ. ಅದು ಬಾರದ ಬಾಷಾ ಸಾಬರು ನಮ್ಮನ್ನು ನಂಬಿ ಸಹಿ ಹಾಕಿದರು.

ಮನೆಯಲ್ಲಿ ನನ್ನವಳು ಕೇಳಿದಳು, “ರೀ, ಒಂದ್ಸಲ ಓದಿ ನೋಡಿದ್ರಾ?”

“ಕಂಪ್ಯೂಟರ್ ಮಾಡಿದ್ದನ್ನ ಯಾರಾದ್ರೂ ಓದ್ತಾರೇನೇ!”

ಓದಿದರು. ಗುಬ್ಬಿಯ ಕೋರ್ಟಿನಲ್ಲಿ, ಎದುರು ಪಕ್ಷದ ವಕೀಲರು, ಗಟ್ಟಿಯಾಗಿ, ಕನ್ನಡಕ್ಕೆ ಅನುವಾದಿಸಿಕೊಂಡು!

“ದಾವೆಯ ಎರಡನೇ ಪ್ಯಾರಾ: ಪ್ರತಿವಾದಿ ನಮ್ಮ ಕಾಂಪೌಂಡ್ ಗೋಡೆ ಒಡೆದಿದ್ದಾರೆ. ಅವರ ಉತ್ತರ: ಸತ್ಯ.”

ನನಗೆ ಆಗ ಹೊಳೆಯಿತು. ಮೊದಲಿಗೊಂದು ಪ್ಯಾರಾ ತುರುಕಿದ್ದರಿಂದ ಒಂದನೆಯದರ ಉತ್ತರ ಎರಡಕ್ಕೆ, ಎರಡನೆಯದರದ್ದು ಮೂರಕ್ಕೆ ಹೋಗಿ ಕೂತಿತ್ತು.

“ಮೂರು: ಪ್ರತಿವಾದಿ ದಿವಂಗತ ಸತ್ತಾರ್ ಸಾಬರ ಮಗ. ಉತ್ತರ: ಶುದ್ಧ ಸುಳ್ಳು.”

ಕೋರ್ಟು ನಕ್ಕಿತು. ಬಾಷಾ ಸಾಬರು ನಗಲಿಲ್ಲ.

“ನಾಲ್ಕು: ನಮ್ಮ ಕಾಲು ಮುರಿಯುವುದಾಗಿ ಬೆದರಿಸಿದ್ದಾರೆ. ಉತ್ತರ: ಸತ್ಯ, ಒಪ್ಪಿದ್ದೇನೆ.”

ನನ್ನ ಬೆನ್ನ ಹಿಂದಿನಿಂದ ಬಿಸಿಯುಸಿರು ತಾಗಿತು. “ಏನ್ ಸಾರ್, ಗೋಡೆ ಓಗ್ಲಿ. ನಮ್ಮಪ್ಪನ್ನೂ ಬುಡಲಿಲ್ವಾ ನೀವು?”

ಸೀನಿಯರ್ ಕಡೆ ತಿರುಗಿದೆ. ಕನ್ನಡಕ ಆಗಲೇ ಕೈಯಲ್ಲಿತ್ತು! ಒಂದು ಕಡೆ ಆ ಕಣ್ಣು, ಇನ್ನೊಂದು ಕಡೆ ಆ ತೋಳು. ಇದ್ದುದರಲ್ಲಿ ಸುರಕ್ಷಿತವಾಗಿ ಕಂಡದ್ದು ನ್ಯಾಯಾಧೀಶರೇ. ಅವರಿಗೇ ಕೈ ಮುಗಿದೆ.

“ಸ್ವಾಮಿ, ಇದು ನನ್ನ ಕಕ್ಷಿದಾರರ ಮಾತಲ್ಲ, ಕಂಪ್ಯೂಟರಿನದು.”

“ಹಾಗಾದ್ರೆ ಮುಂದಿನ ಸಲ ಅದನ್ನೇ ಕಳಿಸಿ” ಎಂದರು ಅವರು. ಆದರೆ ದೊಡ್ಡ ಮನಸ್ಸು ಮಾಡಿ, ಉತ್ತರದ ತಿದ್ದುಪಡಿಗೆ ಅರ್ಜಿ ಹಾಕಲು ಅವಕಾಶ ಕೊಟ್ಟರು. ನನಗೆ ಜೀವ ಬಂತು.

ಕೋರ್ಟಿನ ಕಟ್ಟೆಯ ಮೇಲೆ ಕೂತು ಅರ್ಜಿ ಬರೆದೆ. ಬಾಷಾ ಸಾಬರು ಪಕ್ಕದಲ್ಲೇ ತೋಳು ಕಟ್ಟಿ ನಿಂತಿದ್ದರು. ಇನ್ನು ಯಂತ್ರದ ಸಹವಾಸವೇ ಬೇಡವೆಂದು ಪ್ರತಿ ಪ್ಯಾರಾಕ್ಕೂ ನಾನೇ ಕೈಯಾರೆ ನಂಬರು ಹಾಕಿ, ಎದೆ ಸೆಟೆಸಿ ಒಪ್ಪಿಸಿದೆ.

ನ್ಯಾಯಾಧೀಶರು ಓದಿ, ತಲೆಯೆತ್ತಿ, ನಿಧಾನವಾಗಿ ಕೇಳಿದರು: “ವಕೀಲರೇ, ಇದರಲ್ಲಿ ಮೂರನೇ ಪ್ಯಾರಾ ಎರಡಿವೆ. ಯಾವುದನ್ನು ಓದಲಿ?”

ಕಂಪ್ಯೂಟರಿಗೆ ಎಣಿಸಲಿಕ್ಕಾದರೂ ಬರುತ್ತಿತ್ತು!