ಹೆಸರಿನ ತುದಿಗೊಂದು ಕೊಕ್ಕೆ

ನನ್ನಂಥ ಇಂಗ್ಲಿಷ್ ಪಂಡಿತ ಒಬ್ಬ ಇದ್ದರೆ ಸಾಕು, ನಗುವಂಥದ್ದು ತಾನಾಗೇ ನಡೀತಾ ಇರುತ್ತೆ. ನಾನು ಹುಟ್ಟಿದ್ದು ಕೊತ್ತತ್ತಿ ಕಡೆಯ ಒಟ್ಟು ಕುಟುಂಬದಲ್ಲಿ. ಅಲ್ಲಿ ಸೈಕಲ್ಲು, ದಿಂಬು, ಹಬ್ಬದ ಅಂಗಿ ಯಾವುದೂ ಒಬ್ಬನದಲ್ಲ, ಮೊದಲು ಎದ್ದವನದು. ಇಂಗ್ಲಿಷಿನಲ್ಲಿ ಹೆಸರಿನ ತುದಿಗೆ ಒಂದು ಕೊಕ್ಕೆ, ಒಂದು ಎಸ್ ಹಾಕಿದರೆ ವಸ್ತು ಅವನದೇ ಆಗುತ್ತೆ ಅಂತ ತಿಳಿದ ದಿನವೇ ತೀರ್ಮಾನಿಸಿದೆ: ಆ ಅಪಾಸ್ಟ್ರಫಿ ಹಾಕಿ ಒಂದನ್ನಾದರೂ ನನ್ನದೇ ಮಾಡ್ಕೋಬೇಕು.

೧. ಯಾರಪ್ಪ?

ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಪೇಟೆಯವರು. ಅಪ್ಪನ ಬಗ್ಗೆ ಹೇಳು ಅಂತ ನನ್ನನ್ನೇ ಎಬ್ಬಿಸಿದರು. ಇನ್ಯಾರನ್ನ ಎಬ್ಬಿಸ್ತಾರೆ, ಕ್ಲಾಸಿಗೆ ನಾನೇ ಫಸ್ಟು.

"ಅವರ್ ಫಾದರ್ ಈಸ್ ಎ ಫಾರ್ಮರ್ ಸಾರ್!"

"ಅವರ್ ಅಲ್ಲಪ್ಪ, ಮೈ. ಅವರು ನಿನಗೆ ತಾನೆ ಅಪ್ಪ?"

ಎರಡು ಸಲ ಫೇಲಾಗಿ ನನ್ನ ಜೊತೆಗೇ ಕೂತಿದ್ದ ನಮ್ಮಣ್ಣ ಧಡಕ್ಕನೆ ಎದ್ದ: "ಅವ್ನು ಮೈ ಅಂದ್ರೆ ನಾನು ಸುಮ್ಕಿರಕಿಲ್ಲ ಸಾ!"

೨. ಕೋಳಿ ಅಂಗಡಿಯ ನೊಣ

ಮಂಡ್ಯದಲ್ಲಿ ಫ್ಲೆಕ್ಸ್ ಕೆಲಸ ಕಲಿತು ಮೊದಲು ಮಾಡಿದ ಬೋರ್ಡು ಮಳವಳ್ಳಿಯ ಕೋಳಿ ಅಂಗಡಿಗೆ. ಮಾರನೇ ದಿನವೇ ಅಂಗಡಿಯವನ ಫೋನು.

"ಲೇ, ನನ್ ಎಸ್ರ ಪಕ್ದಲ್ಲಿ ನೊಣ ಕುಂತದೆ. ಒರುಸುದ್ರೂ ಓಯ್ತಿಲ್ಲ."

"ಅದು ನೊಣ ಅಲ್ಲ ಕಣಣ್ಣೋ. ಅಂಗಡಿ ನಿಂದು ಅನ್ನೋ ಗುರುತು."

"ಅಂಗಾದ್ರೆ ಇಷ್ಟ್ ಚಿಕ್ದಾ? ಎದ್ರುಗಡೆ ಅಂಗ್ಡಿಯವ್ನ ಕಣ್ ಕುಕ್ಬೇಕು. ದಪ್ಪುಕ್ ಮಾಡು."

ಮಾಡಿದೆ, ಕುಡುಗೋಲಿನಷ್ಟು ದಪ್ಪಕ್ಕೆ. ವಾರದ ಮೇಲೆ ಮತ್ತೆ ಫೋನು: "ಬೋರ್ಡ್ ನೋಡಿ ಇಬ್ರು ಕುಡ್ಲು ತಟ್ಟುಸ್ಬೇಕು ಅಂತ ಬಂದಿದ್ರು ಕಣ್ಲಾ. ಕೋಳಿ ಕೊಟ್ ಕಳುಸ್ದೆ. ಅದು ಅಂಗೇ ಇರ್ಲಿ ಬುಡು!"

೩. ಟೆಂಪೋ ಮೇಲಿನ ಮಿಷನ್ನು

ಕೊನೆಗೆ ಮದ್ದೂರಿನಲ್ಲಿ ನಾನೇ ಅಂಗಡಿ ಇಟ್ಟೆ. ಬೋರ್ಡಿನಲ್ಲಿ ನನ್ನ ಹೆಸರು, ಅಪಾಸ್ಟ್ರಫಿ, ಎಸ್. ಪೂಜೆಯ ದಿನ ಮನೆಯವರೆಲ್ಲ ಬಂದಿಳಿದರು.

"ನಮ್ಮಂಗ್ಡಿ ಚೆಂದಾಗದೆ ಕಣ್ಲಾ" ಅಂದರು ದೊಡ್ಡಪ್ಪ.

"ಆ ಕೊಕ್ಕೆ ನೋಡು ದೊಡ್ಡಪ್ಪ. ನಮ್ದಲ್ಲ, ನಂದು. ನನ್ನೊಬ್ಬಂದು!"

ದೊಡ್ಡಪ್ಪ ಪೂಜೆಯ ಬಾಳೆಹಣ್ಣು ಸುಲೀತಾ ನಿಂತರು.

ಅಷ್ಟರಲ್ಲಿ ಪ್ರಿಂಟಿಂಗ್ ಮಿಷನ್ ಹೊತ್ತ ಟೆಂಪೋ ಬಂತು. ಎತ್ತಿನಗಾಡಿಯಷ್ಟು ಉದ್ದದ ಮಿಷನ್ನು. ಅಂಗಿ ತೋಳು ಮಡಚಿ ಹೊರಟ ನಮ್ಮಣ್ಣನನ್ನ ದೊಡ್ಡಪ್ಪ ತಡೆದರು: "ಮುಟ್ಬೇಡ್ರಲಾ! ಕಂಡೋರ ಸಾಮಾನು."

ಎಲ್ಲರೂ ಕೈ ಕಟ್ಟಿ ನಿಂತರು. ಅವ್ವ ಸಿಗಿಸಿದ್ದ ಸೆರಗನ್ನೂ ಇಳಿಬಿಟ್ಟಳು. ನಾನೇ ಒಂದು ಮೂಲೆ ಎತ್ತಿದೆ. ಮಿಷನ್ನು ಅಲ್ಲಾಡಲಿಲ್ಲ, ನನ್ನ ಸೊಂಟ ಅಲ್ಲಾಡಿತು.

"ದೊಡ್ಡಪ್ಪಾ, ಒಂದ್ ಕೈ ಆಕು!"

"ಆ ಕೊಕ್ಕೆಗ್ ಏಳ್ಲಾ, ಅತ್ಲಾಗ್ ಇಡ್ಕಳ್ಲಿ."

ಹಿಂದೆ ಬಸ್ಸು ಒಂದೇ ಸಮನೆ ಹಾರ್ನ್ ಹೊಡೀತಿತ್ತು. ಟೆಂಪೋದವನು, ಮಿಷನ್ ವಾಪಸ್ ತಗೊಂಡ್ ಓಯ್ತೀನಿ ಅಂತ ಸ್ಟಾರ್ಟ್ ಮಾಡಿಯೇಬಿಟ್ಟ. ಮಿಷನ್ನಿಲ್ಲದೆ ಅಂಗಡಿ ಎಲ್ಲಿಂದ ಬಂತು? ಮಾನ ಬಿಟ್ಟು ಕೂಗಿದೆ: "ನಮ್ದು ದೊಡ್ಡಪ್ಪಾ, ನಮ್ದೇ!"

"ಇಂಗ್ಲೀಸ್ನಲ್ಲಿ ಏಳು, ಸರ್ಯಾಗ್ ಕೇಳ್ಲಿ."

"ಅವರ್ಸ್!"

"ಅದ್ಕೂ ಕೊಕ್ಕೆ ಅದೇನ್ಲಾ?"

"ಇಲ್ಲ ದೊಡ್ಡಪ್ಪಾ, ಅದ್ಕೆ ಕೊಕ್ಕೆನೇ ಇಲ್ಲ!"

ಬಾಳೆಹಣ್ಣಿನ ಸಿಪ್ಪೆ ಎಸೆದು ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿದರು: "ಅಂಗಿದ್ಮೇಲೆ ನೋಡ್ತಾ ನಿಂತಿದ್ದೀರಲ್ಲಾ ಮುಂಡೇವಾ! ಇಡ್ಕಳ್ರಲಾ!"