ಕಂಡಕ್ಟರಪ್ಪನ ಕಾಡತೂಸು

ನಮ್ಮ ಓಣ್ಯಾಗ ನಗೂವಂಥಾದ್ದು ದಿನಾ ಒಂದಿಲ್ಲೊಂದು ಇದ್ದದ್ದ. ಆದರ ನಾ ಇವತ್ತ ಉಂಡು ಕುಂತು ಬರ್ಯಾಕತ್ತೇನಿ ಅಂದ್ರ, ಅದು ಬಾಜೂ ಮನಿ ಕಂಡಕ್ಟರಪ್ಪನ ದಡ್ಡತನದ ಪುಣ್ಯಾ.

ಗುಂಡಿಯಷ್ಟು ಕ್ಯಾಪ್

ಕಂಡಕ್ಟರಪ್ಪ ರಿಟೈರ್ ಆಗಿ ಅನಗವಾಡಿ ಹೊಳಿದಂಡಿ ಹೊಲಾ ನೋಡತಾನ. ಗೋವಿನಜೋಳಕ್ಕ ಹಂದಿ ಕಾಟ. ಅಪ್ಪನ ಕಾಲದ ಲೈಸನ್ಸ್ ಬಂದೂಕ ಐತಿ. ಹಾರಿಸಿ ಖಾಲಿ ಆದ ಕಾಡತೂಸನ್ನ ಮನ್ಯಾಗ ಮತ್ತ ತುಂಬೂದು ಅಂವನ ಹುಚ್ಚು. ಕಾಡತೂಸಿನ ಬುಡಕ್ಕ ಅಂಗಿ ಗುಂಡಿಯಷ್ಟು ಕ್ಯಾಪ್ ಇರತೈತಿ. ಬಂದೂಕಿನ ಮೊಳಿ ಅದಕ್ಕ ಬಡದ್ರ ಕಿಡಿ, ಆಮ್ಯಾಲ ಢಂ. ಅದು ಸಪಾಟ ಕೂಡಬೇಕು. ಇಂವಂದು ಮ್ಯಾಲೆದ್ದು ನಿಂತು ಬಂದೂಕಿನ ಬಾಯಿ ಮುಚ್ಚಗೊಡತಿದ್ದಿಲ್ಲ.

ಹೆಂಡತಿಗೆ ಒಂದ ಅಂಜಿಕಿ: ಇವರ ಕಣ್ಣರ ಹೋಗತಾವ, ಇಲ್ಲಾ ಯಾರದರ ಜೀವರ ಹೋಗತೈತಿ. ಅಂವಾ ಸುತ್ತಿಗಿ ಎತ್ತಿದ್ದ ತಡಾ, ಕಸಗೊಂಡ್ಲು.

"ಕಾಲಿಡಾಕ ಜಾಗಾ ಇಲ್ಲದ ಬಸ್ಸಿನ್ಯಾಗ ಊರ ಮಂದೀನ್ನೆಲ್ಲಾ ಕೂಡಿಸಿದ್ರಿ, ಒಂದ ಗುಂಡಿ ಕೂಡಸಾಕ ಬರವಲ್ದನ?"

"ಮಂದಿಗೆ ಬೈದ್ರ ಸರೀತಾರ. ಇದಕ್ಕ ಕಿವಿ ಇಲ್ಲಲೇ!"

ಬನಹಟ್ಟಿಯಿಂದ ಬಂದ ಅಳು

ಒಂದು ಕ್ಯಾಪ್ ಕೈ ಜಾರಿ ಉರಳಿ ಒಲಿ ಸೇರಿತು. ಫಟ್! ರೊಟ್ಟಿ ತುಂಬ ಬೂದಿ. ನಾ ನಳದ ಹಂತೇಲಿ ಒಬ್ಬಾಕಿಗೆ ಮಾತ್ರ ಹೇಳಿದ್ದೆ, "ಕಂಡಕ್ಟರಪ್ಪನ ಮನ್ಯಾಗ ಗುಂಡು ಹಾರೇತಿ" ಅಂತ. ಮಧ್ಯಾಹ್ನಕ್ಕ ಬನಹಟ್ಟಿಯಿಂದ ಅಂವನ ಹೆಂಡತಿ ತವರಮನಿಯವರು ಆಟೋ ತುಂಬ ಎದಿ ಬಡಕೋತ ಬಂದ್ರು. ಬಾಗಲಾ ತಗದಾಂವಾ ಕಂಡಕ್ಟರಪ್ಪನ.

"ಯಾರ ಹೋದ್ರ್ಯವ್ವಾ?" ಅಂದಾ.

ಅತ್ತಿ ಕಣ್ಣೊರಸಿಕೊಂಡು ಅಳಿಯನ್ನ ಮ್ಯಾಲಿಂದ ಕೆಳಗ ನೋಡಿದ್ಲು. "ನೀವಿನ್ನೂ ಅದೀರಿ? ಏ, ಆಟೋದಾಂವಗ ನಿಲ್ಲ ಅನ್ರಿ!"

ಮೊದಲ ಸೀಟು

ಕಡೀಕ ಹೆಂಡತಿ ಅಂವನ್ನ ಜಮಖಂಡಿ ಬಂದೂಕಿನ ಅಂಗಡಿಗೆ ಎಳಕೊಂಡು ಹೋದ್ಲು. ಅಂಗಡಿಯಾಂವಾ ಕಾಡತೂಸಿನ ಬುಡಾ ನೋಡಿ ಕೇಳಿದಾ, "ಇದೇನ್ರಿ ಹಳದಿ?"

"ಭಂಡಾರಾರೀ, ನಮ್ಮ ಬೀರಪ್ಪಂದು. ಮಹಾನವಮಿ ಖಂಡೇಪೂಜ್ಯಾಗ ಹಸಿ ಮಾಡಿ ಒಂದೊಂದರ ಬುಡದ ತೂತಿಗೂ ಒತ್ತಿ ತುಂಬೇನಿ."

"ಮೊದಲ ದೇವರ ಸೀಟ್ ಹಿಡದಾನ, ಕ್ಯಾಪ್ ಎಲ್ಲಿ ಕೂಡಬೇಕ್ರಿ? ಇವನ್ನ ಮುಟ್ಟಬ್ಯಾಡ್ರಿ ಇನ್ನ."

ಎಲ್ಲಾ ಅಲ್ಲೇ ಕೊಟ್ಟು ಬಂದ್ರು. ಹೆಂಡತಿಗೆ ಗೊತ್ತಿಲ್ಲದ ಒಂದು ಮಾತ್ರ ಅಂವನ ಕಿಸೆದಾಗ ಉಳೀತು. ಸೀಟ್ ಹಿಡದ ದೇವರನ್ನ ನಡುದಾರ್ಯಾಗ ಇಳಿಸಾಂವಲ್ಲ, ನಮ್ಮ ಕಂಡಕ್ಟರಪ್ಪ.

ಜೋಳದಾಗಿನ ಹಂದಿ

ಮರದಿನಾ ಸಂಜೀಕ, ಊರ ಸೊಸಿಯಂದರಿಗೆಲ್ಲಾ ಬುದ್ಧಿ ಹೇಳೂ ಹಿರ್ಯಾ ಒಬ್ಬಾಂವಾ, ಯಾರದೋ ಹೆಂಡತಿ ಕೂಡ ಹೊಳಿದಂಡಿ ಪಂಪಿನ ಮನ್ಯಾಗ ಅದಾನಂತ ಸುದ್ದಿ ಬಂತು. ಕಣ್ಣಾರೆ ನೋಡದ, ಮಂದಿ ಹೆಸರ ಕೆಡಸೂದು ನನ್ನ ಪದ್ಧತಿ ಅಲ್ಲ. ಕಂಡಕ್ಟರಪ್ಪನ ಜೋಳದಾಗ ಅಂಬಿಗಾಲ ಇಟಗೋತ ಹೊಂಟೆ.

ಜೋಳ ಅಳ್ಳಾಡಿದ್ದು ಒಡ್ಡಿನ ಮ್ಯಾಲ ಹಂದಿ ಕಾಯಾಕತ್ತಿದ್ದ ಕಂಡಕ್ಟರಪ್ಪಗ ಕಂಡಿತು. ಕಿಸೆದಾಗಿನದ್ದನ್ನ ತುರುಕಿ, ಬಾಯಿ ಒತ್ತಿ ಮುಚ್ಚಿ, ಬಂದೂಕ ಎತ್ತಿದಾ.

ಟಕ್.

ಅಷ್ಟ. ಎದ್ದ ನಿಂತ ಕ್ಯಾಪ್ ಮೊಳಿ ಬಡದ ಮ್ಯಾಲ ಭಂಡಾರದಾಗ ಸರೀತು, ಕಿಡಿ ಹಾರಲಿಲ್ಲ.

"ಹೊಡಿಬ್ಯಾಡೋ ಹಾಟ್ಯಾ, ನಾ ಅದೇನಿ!"

ನನ್ನ ನೋಡಿ ಅಂವಾ ಅಲ್ಲೇ ಕುಸದು ಕೂಸಿನ್ಹಂಗ ಅತ್ತಾ. ನಾನೂ ಅತ್ತೆ. ಬೀರಪ್ಪಗ ಅವತ್ತ ಮುಗದ ಕೈ ಇನ್ನೂ ಇಳಿಸಿಲ್ಲ.

ಮುಂಜಾನೆದ್ದು ಅಂವನ ಹೆಂಡತಿ ಗಂಡನ್ನ ಕರಕೊಂಡು ಹೋಗಿ ಬಂದೂಕ ಠಾಣಾದಾಗ ಜಮಾ ಮಾಡಿಸಿದ್ಲು. ಬಂದಾಕಿ ಹೋಳಗಿ ಮಾಡಿ, ತಾನ ತುಪ್ಪಾ ಹಾಕಿ ನನಗ ಉಣಿಸಿದ್ಲು. "ನೀ ಉಳದ್ಯವ್ವಾ, ನನ್ನ ಮನಿ ಉಳೀತು" ಅಂತ ಕಣ್ಣಾಗ ನೀರ ತಂದ್ಲು.

"ಛಲೋ ಆತು ಬಿಡ," ಅಂದೆ ಹೋಳಗಿ ಮುರಕೋತ. "ಆದರ ಪಂಪಿನ ಮನ್ಯಾಗ ಯಾರಿದ್ಲು ಗೊತ್ತೈತೇನ..."

ಆಕಿ ಕೈ ಮುಗದ್ಲು. "ನಿನ್ನ ಬಾಯೀನೂ ಜಮಾ ಮಾಡಕೋರಿ ಅಂತ ಠಾಣಾದಾಗ ಕೇಳೇನ್ಯವ್ವಾ. ಅಷ್ಟ ದೊಡ್ಡದನ್ನ ಇಡಾಕ ಅವರಲ್ಲಿ ಕಪಾಟ ಇಲ್ಲಂತ."