ಮೇಪಲ್ ಬೇಡವೆಂದ ಹೋಳಿಗೆ

ನಾನು ಒಳ್ಳೆಯವನಾಗಿ ನಡೆದುಕೊಂಡ ಪ್ರಸಂಗಗಳೆಲ್ಲ ನನಗೆ ಸ್ಪಷ್ಟವಾಗಿ ನೆನಪಿರುತ್ತವೆ, ಉಳಿದವು ಮಸುಕು. ಇದು ತಿಳಿದ ಮೇಲೆ ದಿನಚರಿ ಬರೆಯತೊಡಗಿದೆ. ಆದರೆ ಅದನ್ನು ಬರೆಯುವವನೂ ನಾನೇ ಆದ್ದರಿಂದ ಹೇಳಿಕೊಳ್ಳುವಂಥ ಸುಧಾರಣೆಯೇನೂ ಆಗಲಿಲ್ಲ. ಮುಂದೆ ಅಂಧರಿಗೆ ದಾರಿ ತೋರಿಸಬೇಕಾದ ನಾಯಿಮರಿಯೊಂದನ್ನು ವರ್ಷದ ಮಟ್ಟಿಗೆ ಮನೆಯಲ್ಲಿ ಸಾಕಿ ಕೊಡಲು ನಾನು ಅರ್ಜಿ ಹಾಕಿದ್ದು ಸಮಾಜಸೇವೆಯ ತುಡಿತದಿಂದ ಎಂದು ದಿನಚರಿ ಹೇಳುತ್ತದೆ. ಟಾರ್ನೀಟ್ ಬಡಾವಣೆಯ ನಮ್ಮ ಬೀದಿಯಲ್ಲಿ ನಾಯಿ ಹಿಡಿದು ಹೊರಟವರನ್ನು ಮಾತ್ರ ಜನ ನಿಂತು ಮಾತಾಡಿಸುತ್ತಾರೆ, ಬರಿಗೈಯಲ್ಲಿ ಅಡ್ಡಾಡುವ ನನ್ನನ್ನು ಮೂರು ವರ್ಷಗಳಿಂದ ಯಾರೂ ಕೇಳಿಲ್ಲ ಎಂಬ ಸಂಗತಿ ಅದರಲ್ಲಿಲ್ಲ. ಅದು ನನ್ನ ಹೆಂಡತಿ ಸುಜಾತಾಗೆ ನೆನಪಿದೆ.

ಹೀಗೆ ಎಂಟು ವಾರದ ಕಪ್ಪು ಲ್ಯಾಬ್ರಡಾರ್ ಮೇಪಲ್ ನಮ್ಮ ಮನೆಗೆ ಬಂದಳು. ಅವಳ ಜೊತೆಗೆ ನಾಯಿ ಕೊಟ್ಟ ಸಂಸ್ಥೆಯ ಮೇಲ್ವಿಚಾರಕಿ ಹೀದರ್ ಮತ್ತು ಹೀದರ್ ಜೊತೆಗೆ ನಿಯಮಗಳು. ಸೋಫಾ ಹತ್ತಬಾರದು, ಬಾಗಿಲಲ್ಲಿ ನಮಗಿಂತ ಮುಂದೆ ನುಗ್ಗಬಾರದು, ಎಲ್ಲಕ್ಕಿಂತ ಮುಖ್ಯವಾಗಿ ಮನುಷ್ಯರ ಊಟದ ಒಂದು ಚೂರೂ ಅವಳ ಬಾಯಿಗೆ ಹೋಗಬಾರದು. ಹತ್ತು ತಿಂಗಳು ನಾವು ಇದನ್ನು ಪಾಲಿಸಿದೆವು. ಮೇಪಲ್ ರೈಲು ಹತ್ತಿದಳು, ಲಿಫ್ಟ್ ಹತ್ತಿದಳು, ನನ್ನ ಆಫೀಸಿನ ಮೀಟಿಂಗುಗಳಲ್ಲಿ ನನಗಿಂತ ಚೆನ್ನಾಗಿ ಕೂತಳು. ಇನ್ನು ಉಳಿದಿದ್ದು ಕೊನೆಯ ಪರೀಕ್ಷೆ. ಪಾಸಾದರೆ ತರಬೇತಿ ಶಾಲೆಗೆ ಹೋಗುತ್ತಾಳೆ; ಇಲ್ಲದಿದ್ದರೆ ಉಳಿದ ನಾಯಿಗಳಂತೆ ಯಾರದೋ ಮನೆಯ ನಾಯಿಯಾಗುತ್ತಾಳೆ.

ಪರೀಕ್ಷೆಗೆ ಹತ್ತು ದಿನವಿರುವಾಗ ಸಿಡ್ನಿಯಿಂದ ಸುಜಾತಾಳ ಅಕ್ಕ ವಿಜಯಕ್ಕ ರಜೆ ಹಾಕಿ ಬಂದರು. ಅಲ್ಲಿನ ಮ್ಯಾಕ್ವೆರಿ ಪಾರ್ಕ್ ಬಡಾವಣೆಯ ಔಷಧ ಕಂಪನಿಯೊಂದರಲ್ಲಿ ಅವರು ಮಾತ್ರೆಗಳ ಗುಣಮಟ್ಟ ನೋಡುವವರು. ಒಂದು ಮಾತ್ರೆ ಕೂದಲೆಳೆಯಷ್ಟು ತೂಕ ತಪ್ಪಿದರೂ ಬಿಡುವುದಿಲ್ಲ. ಆದರೆ ಧಾರವಾಡದ ಅವರ ತವರಿನಲ್ಲಿ ಪ್ರತಿದಿನದ ಕೊನೆಯ ರೊಟ್ಟಿ ಓಣಿಯ ನಾಯಿಯದು. ನಾಲ್ಕನೆಯ ದಿನ ಊಟಕ್ಕೆ ಕೂತಾಗ ನೋಡಿದೆ: ಮೇಪಲ್ ತನ್ನ ಚಾಪೆ ಬಿಟ್ಟು ಬಂದು ವಿಜಯಕ್ಕನ ಮೊಣಕಾಲಿನ ಮೇಲೆ ಗದ್ದ ಊರಿದ್ದಳು.

"ಅಕ್ಕಾರ, ಇದಕ್ಕ ಏನರ ಕೊಟ್ರೇನ್ರಿ?" ಎಂದೆ.

"ಒಂದ್ ತುತ್ತು ರೊಟ್ಟಿರೀ. ಮಾರಿ ನೋಡ್ಕೋತ ಕುಂತಿತ್ತು, ನಾವು ಹೆಂಗ ನುಂಗೂದು?"

ಒಂದು ತುತ್ತು ಎಂದರೆ ಊಟಕ್ಕೊಂದು, ನಾಲ್ಕು ದಿನಗಳಿಂದ. ಹೆಂಡತಿಯ ಅಕ್ಕನಿಗೆ ಬುದ್ಧಿ ಹೇಳುವ ಧೈರ್ಯ ನನ್ನ ಓದಿನಿಂದ ಬಂದಿರಲಿಲ್ಲ. ನೀನೇ ಹೇಳು ಎಂದು ಸುಜಾತಾಳ ಕಿವಿಯಲ್ಲಿ ಉಸುರಿದೆ. ನಾಯಿ ತಂದವರು ಯಾರು ಎಂದು ಅವಳು ಕೇಳಿದಳು. ಕೊನೆಗೆ ನಾನೇ, ನಿಯಮದ ಮಾತೆತ್ತದೆ, ಅಕ್ಕನಿಗೆ ಒಂದು ದೃಶ್ಯ ಕಟ್ಟಿ ಹೇಳಿದೆ. ಕಣ್ಣು ಕಾಣದವರೊಬ್ಬರು ಮೇಪಲ್‌ಳನ್ನು ನಂಬಿ ರೈಲ್ವೆ ಪ್ಲಾಟ್‌ಫಾರಂನಲ್ಲಿ ನಡೆಯುತ್ತಿದ್ದಾರೆ. ಹಳಿಯ ಅಂಚಿನಲ್ಲಿ ಯಾರೋ ಬೀಳಿಸಿದ ಚಿಪ್ಸ್ ಇದೆ. ಅಷ್ಟೇ. ವಿಜಯಕ್ಕ ಅರ್ಧ ಊಟದಲ್ಲೇ ಎದ್ದು ಕೈ ತೊಳೆದು ಕೋಣೆಗೆ ಹೋದರು. ಸಂಜೆಯೇ ಸಿಡ್ನಿಯ ವಿಮಾನ ಬುಕ್ ಮಾಡುತ್ತಾರೆ, ಈ ಮಾತು ನಮ್ಮ ವಂಶದಲ್ಲಿ ಮೂರು ತಲೆಮಾರು ಉಳಿಯುತ್ತದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಒಂದು ಅಂಗೈ ಕೆಳಗೆ ಬಿಸಿ ರೊಟ್ಟಿಯ ಚೂರು, ಇನ್ನೊಂದು ಮುಷ್ಟಿಯಲ್ಲಿ ಮೇಪಲ್‌ಳ ಒಣ ತಿಂಡಿಯ ಕಾಳು. ಮೇಪಲ್ ನೆಕ್ಕಿದಳು, ಕೆರೆದಳು, ಮುಲುಗಿದಳು. ರೊಟ್ಟಿಯ ಆಸೆ ಬಿಟ್ಟು ತಲೆಯೆತ್ತಿ ಅಕ್ಕನ ಮುಖ ನೋಡಿದಾಗ ಮಾತ್ರ ಒಂದು ಕಾಳು. "ನಿನ್ನ ಮ್ಯಾಲ ಒಬ್ರ ಜೀವ ಐತಿ, ಮೇಪಲವ್ವಾ," ಎನ್ನುತ್ತಿದ್ದರು ವಿಜಯಕ್ಕ. "ರೊಟ್ಟಿ ಇವತ್ತಿಲ್ಲಂದ್ರ ನಾಳೆ ಸಿಗತೈತಿ." ಆಮೇಲೆ ಸುಳ್ಳು ಹೇಳಿದೆನಲ್ಲ ಎಂದು ಅವರಿಗೇ ಕೆಡುಕೆನಿಸಿ, "ಸಿಗೂದಿಲ್ಲ. ಆದ್ರೂ ಬಿಡು," ಎಂದು ತಿದ್ದಿದರು. ಐದು ದಿನ ಇದೇ ನಡೆಯಿತು. ಜೀವಮಾನದಲ್ಲಿ ಯಾವ ಪ್ರಾಣಿಗೂ ತುತ್ತು ತಪ್ಪಿಸದ ಕೈ ಅದು. ಒಮ್ಮೊಮ್ಮೆ ಅವರ ಕಣ್ಣು ಒದ್ದೆಯಾಗಿರುತ್ತಿತ್ತೆಂದು ನನ್ನ ನೆನಪು. ಈರುಳ್ಳಿಯಿಂದಲೂ ಇರಬಹುದು.

ಪರೀಕ್ಷೆಯ ದಿನ ಮೇಪಲ್ ಶಾಪಿಂಗ್ ಸೆಂಟರಿನ ಫುಡ್ ಕೋರ್ಟನ್ನು ಸನ್ಯಾಸಿನಿಯ ಹಾಗೆ ದಾಟಿದಳು. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಮನೆಯಲ್ಲಿ ಹೇಗಿರುತ್ತಾಳೆಂದು ನೋಡಲು ಹೀದರ್ ನಮ್ಮೊಂದಿಗೇ ಮೇಜಿಗೆ ಕೂತಳು. ತಾನೇ ಚೀಸ್ ತುಂಡೊಂದನ್ನು ಬೀಳಿಸಿದಳು. ಮೇಪಲ್ ಕಿವಿಯನ್ನೂ ಅಲುಗಿಸಲಿಲ್ಲ. ಎಲ್ಲ ಮುಗಿಯಿತು ಎನ್ನುವಾಗ, ಹೀದರ್‌ಗೆ ಬಡಿಸಲು ಬಂದ ವಿಜಯಕ್ಕನ ಕೈಯಿಂದ ತುಪ್ಪ ಸುರಿಯುವ ಹೋಳಿಗೆಯೊಂದು ಜಾರಿ ನೇರ ಮೇಪಲ್‌ಳ ಮೂಗಿನ ಮುಂದೆ ಬಿತ್ತು. ಮೇಪಲ್‌ಳ ಮೂಗು ಅದುರಿತು. ಬಾಯಿಂದ ಜೊಲ್ಲಿನ ಎಳೆಯೊಂದು ನಿಧಾನವಾಗಿ ನೆಲಕ್ಕಿಳಿಯಿತು. ಅವಳು ಹೋಳಿಗೆ ನೋಡಿದಳು, ತಲೆಯೆತ್ತಿ ವಿಜಯಕ್ಕನ ಮುಖ ನೋಡಿದಳು, ಆಮೇಲೆ ದೊಡ್ಡ ನಿಟ್ಟುಸಿರು ಬಿಟ್ಟು ಗದ್ದವನ್ನು ತನ್ನ ಕಾಲುಗಳ ಮೇಲೆ ಊರಿ ಅತ್ತ ತಿರುಗಿದಳು. ಇಷ್ಟು ವರ್ಷದ ಕೆಲಸದಲ್ಲಿ ಇಂಥದ್ದು ಕಂಡಿಲ್ಲ, ಇವಳು ತರಬೇತಿಗೆ ಹೋಗುತ್ತಾಳೆ ಎಂದಳು ಹೀದರ್. ವಿಜಯಕ್ಕ ದುಪಟ್ಟಾದಿಂದ ಕಣ್ಣೊರೆಸಿಕೊಂಡರು. ಸುಜಾತಾ ಎದ್ದು ನಿಂತು ಚಪ್ಪಾಳೆ ತಟ್ಟಿದಳು. ವಿಜಯಕ್ಕ ಕೂಡಲೇ ಧಾರವಾಡದಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿ, ನಮ್ಮ ಹುಡುಗಿ ಪಾಸಾದಳು ಎಂದು ಹೇಳಿದ್ದಕ್ಕೆ, ಯಾವ ಹುಡುಗಿ, ಯಾವ ಪರೀಕ್ಷೆ ಎಂದು ಅವರು ಬಹಳ ಹೊತ್ತು ವಿಚಾರಿಸಿದರು.

ಹೀದರ್ ಹೋದ ಮೇಲೆ ಅಕ್ಕ ಹೋಳಿಗೆಯ ಡಬ್ಬಿ ಹಿಡಿದು ನನ್ನ ಬಳಿ ಬಂದರು. ಗೆದ್ದ ದಿನ, ನಾನು ತಿಂದದ್ದು ಎರಡೇ. ತಟ್ಟೆಗೆ ಕೈ ಅಡ್ಡ ಹಿಡಿದು "ಸಾಕ್ರಿ ಅಕ್ಕಾರ" ಎಂದೆ. ನಮ್ಮ ಕಡೆ ಇದು ಮಾತಿನ ಆರಂಭ. ಅವರು ಒಂದರ್ಧವಾದರೂ ಎನ್ನಬೇಕು, ನಾನು ಇಲ್ಲವೇ ಇಲ್ಲ ಎನ್ನಬೇಕು, ಅಷ್ಟರಲ್ಲಿ ಬೆರಳಸಂದಿಯಿಂದ ಎರಡು ಬಿದ್ದಿರಬೇಕು.

ವಿಜಯಕ್ಕ ನನ್ನ ಕೈಯನ್ನೇ ನೋಡಿದರು. "ಭೇಷ್. ನೀವೂ ಶಾಣ್ಯಾ ಆದ್ರಿ," ಎಂದು ಮೆಚ್ಚುಗೆಯಿಂದ ಹೇಳಿ, ಡಬ್ಬಿಯ ಮುಚ್ಚಳ ಹಾಕಿ ಒಳಗೆ ಒಯ್ದರು.

ಮೇಪಲ್ ಮೇಜಿನ ಕೆಳಗೆ ನಿದ್ದೆ ಹೋಗಿದ್ದಳು. ಅಡುಗೆಮನೆಯ ಬಾಗಿಲನ್ನೇ ನೋಡುತ್ತ ಕೂತಿದ್ದವನು ನಾನೊಬ್ಬನೇ.